ದುರ್ಯೋಧನ ಬಿದ್ದ ಮೇಲೂ ಆಟ ಐತಿ

ಕನ್ನಡ ಧಾರಾವಾಹಿಗಳನ್ನು ಕುರಿತ ನಮ್ಮ ಪತ್ರಿಕಾ ವಿಮರ್ಶೆ ಬಹಳ ಕಾಲದಿಂದ ಒಂದೇ ತೀರ್ಪಿನ ಮೇಲೆ ಜೀವನ ಸಾಗಿಸುತ್ತಿದೆ: ‘ಅಲ್ಲಿಗೇ ಮುಗಿಸಬೇಕಿತ್ತು.’ ನಾಯಕಿಯ ಮದುವೆಯಾಯಿತು, ಅತ್ತೆ ಕಣ್ಣೀರಿಟ್ಟು ಸೊಸೆಯನ್ನು ಒಪ್ಪಿಕೊಂಡಳು, ಖಳನಿಗೆ ಕೋಳ ಬಿತ್ತು. ವಾರವಿಡೀ ಪ್ರೋಮೋ ಬಿಟ್ಟು ‘ಮಹಾಸಂಚಿಕೆ’ ಅಂತ ತೋರಿಸಿದರು. ಇನ್ನು ಮಂಗಳ ಹಾಡುವುದೊಂದೇ ಬಾಕಿ ಎಂದು ಮನೆಮಂದಿ ಎದ್ದರೆ, ಸೋಮವಾರ ಖಳನಿಗೆ ಜಾಮೀನು ಸಿಕ್ಕಿರುತ್ತದೆ, ನಾಯಕಿಗೆ ನೆನಪು ಹೋಗಿರುತ್ತದೆ. ಅಲ್ಲಿಂದ ಮುಂದಿನದೆಲ್ಲ ಎಳೆತ, ದುರಾಸೆ, ಟಿಆರ್‌ಪಿಯ ಪಾಪ ಎಂದು ಅಂಕಣಕಾರರು ಕೈ ತೊಳೆದುಕೊಳ್ಳುತ್ತಾರೆ. ‘ಪುಟ್ಟಗೌರಿ ಮದುವೆ’ಯ ಗೌರಿ ಕಡಿದಾದ ಬೆಟ್ಟದಿಂದ ಬಿದ್ದೂ ಬದುಕಿದಾಗ ಇಡೀ ನಾಡು ಮೊಬೈಲಿನಲ್ಲಿ ನಕ್ಕಿತು. ನಗಲಿ. ನಾನೂ ಆ ಬೆಟ್ಟದ ಪರ ವಕಾಲತ್ತು ಹಾಕಲು ಬಂದಿಲ್ಲ.

ನನ್ನ ತಕರಾರು ಆ ತೀರ್ಪಿನ ಬೇರಿನ ಮೇಲೆ. ಮುಗಿದಂತೆ ಕಂಡ ಕಥೆ ಮುಂದುವರಿದರೆ ಅದು ಕಲೆಯ ಸೋಲು ಎಂಬ ನಂಬಿಕೆ ಎಲ್ಲಿಂದ ಬಂತು? ಸದಾನಂದ ಸುವರ್ಣರ ‘ಗುಡ್ಡದ ಭೂತ’ 13 ಕಂತಿಗೆ ನಿಂತಿತು, ಆದ್ದರಿಂದ ಶ್ರೇಷ್ಠ ಎಂಬ ಲೆಕ್ಕ 1990ರಿಂದ ಓಡುತ್ತಿದೆ. ಅದು ಒಳ್ಳೆಯ ಧಾರಾವಾಹಿ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ 13 ದೂರದರ್ಶನ ವಾರಕ್ಕೊಂದರಂತೆ ಮೂರು ತಿಂಗಳಿಗೆ ಅಳೆದು ಕೊಡುತ್ತಿದ್ದ ಅಳತೆ. ಕಚೇರಿಯ ಅಳತೆಯನ್ನು ಕಾವ್ಯಮೀಮಾಂಸೆ ಮಾಡಿಕೊಂಡವರು ನಾವು. ಅಮೆರಿಕದ ಟಿವಿಯಲ್ಲಿ ಬರಹಗಾರರಿಗೆ ಬರುವ ವರ್ಷ ಚಾನೆಲ್ ತಮ್ಮನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಸೀಸನ್ನಿನ ಕೊನೆಯ ಕಂತನ್ನು ಮುಗಿದರೂ ಸೈ, ಉಳಿದರೂ ಸೈ ಎನ್ನುವಂತೆ ಬರೆಯುವುದು ಅವರಿಗೊಂದು ಕಸುಬೇ ಆಯಿತು. ನಮ್ಮಲ್ಲಿ ಸೀಸನ್ ಇಲ್ಲ, ಗುರುವಾರದ ರೇಟಿಂಗ್ ಇದೆ. ಅದಕ್ಕೇ ನಮ್ಮ ಸುಳ್ಳು ಮುಕ್ತಾಯ ವರ್ಷದ ಕೊನೆಗೆ ಬರದೆ ನಡುವಿನ ಯಾವುದೋ ವಾರದಲ್ಲಿ ಬಂದು ಕೂರುತ್ತದೆ. ವ್ಯತ್ಯಾಸ ಇಷ್ಟೇ. ಇಂಗ್ಲಿಷಿನದಕ್ಕೆ ಸಂಯಮದ ಹೆಸರು, ಕನ್ನಡದ್ದಕ್ಕೆ ಎಳೆತದ ಹೆಸರು.

ಇನ್ನೊಂದು ತಮಾಷೆಯಿದೆ. ಟಿ.ಎನ್. ಸೀತಾರಾಂ ಮತ್ತು ಸಂಗಡಿಗರ ‘ಮಾಯಾಮೃಗ’ 1998ರಲ್ಲಿ ಶುರುವಾಗಿ ನೂರಾರು ಕಂತು ಓಡಿತು. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಬಂದವು. ಅವನ್ನು ಯಾರೂ ಎಳೆತ ಎನ್ನಲಿಲ್ಲ. ಕೋರ್ಟಿನಲ್ಲಿ ಒಂದು ಕೇಸು ಗೆದ್ದರೆ ಇನ್ನೊಂದು ಕೇಸು ಹುಟ್ಟುತ್ತಿತ್ತು, ಅದನ್ನು ಸಮಾಜದ ಸಂಕೀರ್ಣತೆ ಎಂದರು. ಸೀತಾರಾಂ ಮೇಲೆ ನನಗೆ ಗೌರವವಿದೆ. ಆದರೆ ಮಲ್ಲೇಶ್ವರದ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಮುಂದುವರಿದರೆ ಸಂಕೀರ್ಣತೆ, ಹಳ್ಳಿಯ ಅಂಗಳದಲ್ಲಿ ಎದೆ ಬಡಿದುಕೊಂಡು ಮುಂದುವರಿದರೆ ಎಳೆತ ಎಂಬ ತಕ್ಕಡಿಯ ಮೇಲೆ ಗೌರವವಿಲ್ಲ.

ಈ ವಾದಕ್ಕೆ ನಾನು ಟಿವಿಯ ಕಡೆಯಿಂದ ಬಂದವನಲ್ಲ, ಹುನಗುಂದ ಸೀಮೆಯ ಕಂದಗಲ್ಲಿನ ಕಡೆಯಿಂದ ಬಂದವನು. ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಕಂದಗಲ್ ಹನುಮಂತರಾಯರು (1896–1966) ‘ಅಕ್ಷಯಾಂಬರ’ ಬರೆದರು, ‘ಚಿತ್ರಾಂಗದಾ’ ಬರೆದರು, ‘ಕುರುಕ್ಷೇತ್ರ’ ಬರೆದರು. ಜನ ಹಿಡಿದುಕೊಂಡದ್ದು ಮಾತ್ರ ‘ರಕ್ತರಾತ್ರಿ’ಯನ್ನು. ಯುದ್ಧದ ಹೆಸರಿಗೆ ಒಂದು ನಾಟಕ ಕೊಟ್ಟವರು, ಯುದ್ಧ ಮುಗಿದ ಒಂದೇ ಒಂದು ರಾತ್ರಿಯ ಹೆಸರಿಗೆ ಇನ್ನೊಂದು ಇಡೀ ನಾಟಕ ಕೊಟ್ಟರು. ಈ ಆಯ್ಕೆಯ ಎದೆಗಾರಿಕೆಯನ್ನು ನಮ್ಮ ನಾಟಕ ವಿಮರ್ಶೆ ಇಂದಿಗೂ ಸರಿಯಾಗಿ ಅಳೆದಿಲ್ಲ.

ಆ ರಾತ್ರಿ ಕಥೆ ಎಲ್ಲಿ ನಿಂತಿದೆ ನೋಡಿ. ದುರ್ಯೋಧನನ ತೊಡೆ ಮುರಿದಿದೆ. ಹದಿನೆಂಟು ದಿನದ ಲೆಕ್ಕ ಚುಕ್ತಾ ಆಗಿದೆ. ದ್ರೌಪದಿಯ ಮುಡಿಯ ಶಪಥ ತೀರಿದೆ. ಯಾವ ಕಥೆಗಾರನಾದರೂ ತೆರೆ ಎಳೆಯುವ ಜಾಗ ಅದು. ಗೆದ್ದವರ ಪಾಳೆಯದಲ್ಲಿ ಎಲ್ಲರೂ ನಿದ್ದೆ ಹೋಗಿದ್ದಾರೆ. ಆಗ ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂತ ಅಶ್ವತ್ಥಾಮನಿಗೆ, ಮಲಗಿದ ಕಾಗೆಗಳನ್ನು ಗೂಗೆ ಕೊಲ್ಲುವುದು ಕಾಣುತ್ತದೆ. ಅವನು ಎದ್ದು ಹೋಗಿ ಧೃಷ್ಟದ್ಯುಮ್ನನನ್ನು, ಉಪಪಾಂಡವರನ್ನು ಮಲಗಿದಲ್ಲೇ ಮುಗಿಸುತ್ತಾನೆ. ಅಷ್ಟಕ್ಕೂ ಸಾಲದೆ ಉತ್ತರೆಯ ಬಸಿರಿಗೆ ಅಸ್ತ್ರ ಬಿಡುತ್ತಾನೆ. ಗೆಲುವಿನ ಕಂತಿನಲ್ಲಿ ನಿಜವಾದ ಸೋಲು ಶುರುವಾಗುವುದು ಇಲ್ಲಿಂದ. ಮುಕ್ತಾಯ ಎಂದುಕೊಂಡದ್ದು ಕಾವಲಿಲ್ಲದ ಪಾಳೆಯ ಅಷ್ಟೇ ಆಗಿತ್ತು.

ಹನುಮಂತರಾಯರನ್ನು ಉತ್ತರ ಕರ್ನಾಟಕದ ಷೇಕ್ಸ್‌ಪಿಯರ್ ಎಂದು ಕರೆಯುವ ರೂಢಿಯಿದೆ. ಪ್ರೀತಿಯಿಂದ ಕೊಟ್ಟ ಬಿರುದು, ಆದರೆ ಹೊಂದುವುದಿಲ್ಲ. ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಕೊನೆಗೆ ಹೆಣಗಳು ಬೀಳುತ್ತವೆ, ಯಾವನೋ ಫೋರ್ಟಿನ್‌ಬ್ರಾಸ್ ಬಂದು ಎತ್ತಿಸುತ್ತಾನೆ, ಅಲ್ಲಿಗೆ ಮುಗಿಯಿತು. ಹೆಣ ಎತ್ತಿದ ಮೇಲಿನ ಮನೆಯ ಕಥೆ ಅವನಿಗೆ ಬೇಕಾಗಲಿಲ್ಲ. ನಮ್ಮವರಿಗೆ ಬೇಕಾಗಿದ್ದೇ ಅದು. ಮಾತು ಜೋರಾಯಿತು, ಪ್ರಾಸ ಹೆಚ್ಚಾಯಿತು, ಕಂದಗಲ್ಲರ ಪಾತ್ರಗಳು ಉಸಿರಾಡುವ ಬದಲು ಗರ್ಜಿಸುತ್ತವೆ ಎಂದು ನವ್ಯರು ಹೇಳಿದ್ದುಂಟು. ಹೌದು, ಗರ್ಜಿಸುತ್ತವೆ. ಮೈಕಿಲ್ಲದ ಕಾಲದಲ್ಲಿ ತಗಡಿನ ಥೇಟರಿನ ಕೊನೆಯ ಸಾಲಿನವನಿಗೆ, ನೆಲದ ಮೇಲೆ ಕೂಸನ್ನು ತಟ್ಟುತ್ತ ಕೂತವಳಿಗೆ ಮುಟ್ಟಬೇಕಾದ ಮಾತು ಅದು. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಕಂದಗಲ್ಲರಿಗೆ ಕ್ಷಮೆಯ ಅಗತ್ಯವೇ ನನಗೆ ಕಂಡಿಲ್ಲ. ಇವತ್ತಿಗೂ ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಪೇಟಿ ಮಾಸ್ತರನ್ನು ಕರೆಸಿ, ಹೊಲದ ಕೆಲಸ ಮುಗಿಸಿಕೊಂಡು ತಾಲೀಮು ಮಾಡಿ ರೈತರು ಆಡುವ ನಾಟಕಗಳಲ್ಲಿ ‘ರಕ್ತರಾತ್ರಿ’ ಇದ್ದೇ ಇರುತ್ತದೆ. ನವ್ಯರ ಯಾವ ನಾಟಕವನ್ನು ಯಾವ ಹಳ್ಳಿ ಹೀಗೆ ಇಟ್ಟುಕೊಂಡಿದೆ? ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಟ್ಟು ನಾವು ಋಣ ತೀರಿಸಿದೆವು ಎಂದುಕೊಂಡಿದ್ದೇವೆ.

ಹನುಮಂತರಾಯರಿಗೂ ಮುಂಚೆ ಅವರ ಸೀಮೆಯವನೇ ಒಬ್ಬ ಅದೇ ಜಾಗಕ್ಕೆ ಕೈ ಹಾಕಿದ್ದ: ಮುಧೋಳದ ಬಳೆಗಾರರ ಮನೆಯ ರನ್ನ. ಸಾವಿರ ವರ್ಷದ ಅಂತರದಲ್ಲಿ ಒಂದೇ ಸೀಮೆಯ ಇಬ್ಬರು ಭಾರತದ ತುದಿಯನ್ನೇ ಹಿಡಿದರು ಎಂಬುದು ಆಕಸ್ಮಿಕವಿರಬಹುದು, ನನಗೆ ಹಾಗನ್ನಿಸುವುದಿಲ್ಲ. ರನ್ನ ಯುದ್ಧದ ಕಡೆಯ ದಿನದಲ್ಲಿ ನಿಂತು, ಸಿಂಹಾವಲೋಕನ ಕ್ರಮದಲ್ಲಿ ಹಿಂದಿನದನ್ನೆಲ್ಲ ತಿರುಗಿ ನೋಡಿದ. ದುರ್ಯೋಧನ ಬಿದ್ದ ಮೇಲೂ ಕಾವ್ಯ ನಿಲ್ಲುವುದಿಲ್ಲ. ಅಶ್ವತ್ಥಾಮ ಬರುತ್ತಾನೆ, ಮಕ್ಕಳ ತಲೆ ಬರುತ್ತದೆ, ಆಮೇಲೆ ಭೀಮನಿಗೆ ಪಟ್ಟವಾಗುತ್ತದೆ. ಭೀಮನ ನೆಪದಲ್ಲಿ ಚಾಳುಕ್ಯ ಸತ್ಯಾಶ್ರಯನನ್ನು ಹೊಗಳಬೇಕಿತ್ತು, ಅದಕ್ಕೆ ಪಟ್ಟ ಕಟ್ಟಿದ ಎಂದು ಮೇಷ್ಟ್ರುಗಳು ಹೇಳುತ್ತಾರೆ. ಬಿ.ಎಂ.ಶ್ರೀ. ‘ಗದಾಯುದ್ಧ ನಾಟಕಂ’ ಬರೆದಾಗ ಅದನ್ನು ಗ್ರೀಕ್ ದುರಂತದ ಅಚ್ಚಿಗೆ ಒಗ್ಗಿಸಿ ದುರ್ಯೋಧನನನ್ನು ದುರಂತ ನಾಯಕನನ್ನಾಗಿ ನಿಲ್ಲಿಸಿದರು. ದೊಡ್ಡ ಕೆಲಸವೇ, ಒಪ್ಪಿದೆ. ಆದರೆ ಅಲ್ಲಿಂದ ಮುಂದೆ ಕನ್ನಡ ತರಗತಿಯಲ್ಲಿ ‘ಗದಾಯುದ್ಧ’ ಎಂದರೆ ದುರ್ಯೋಧನನ ಸಾವು, ಮಿಕ್ಕದ್ದು ಬಾಲ ಎಂದಾಯಿತು. ‘ಅಲ್ಲಿಗೇ ಮುಗಿಸಬೇಕಿತ್ತು’ ಎಂಬ ಮಾತನ್ನು ಮೊದಲು ಕೇಳಿಸಿಕೊಂಡದ್ದು ಟಿವಿಯಲ್ಲ, ಮುಧೋಳದ ಕವಿ. ಮೈಸೂರಿನ ಕತ್ತರಿ ಬಿದ್ದದ್ದು ಅಲ್ಲಿ.

ಕುಮಾರವ್ಯಾಸನ ಕಥೆ ಇದರ ತದ್ವಿರುದ್ಧ. ಅವನು ಗದಾಪರ್ವದ ಕೊನೆಯಲ್ಲಿ ಧರ್ಮರಾಯನಿಗೆ ಪಟ್ಟ ಕಟ್ಟಿ, ಹತ್ತೇ ಪರ್ವಕ್ಕೆ ಕೈ ಎತ್ತಿದ. ನಾಡು ಅವನನ್ನು ತಲೆಯ ಮೇಲೆ ಹೊತ್ತಿತು, ಆದರೆ ಕಥೆ ಮುಗಿಯಿತೆಂದು ಒಪ್ಪಲಿಲ್ಲ. ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಕೊಡಬೇಕಾಯಿತು. ತಿಮ್ಮಣ್ಣನನ್ನು ಯಾರು ಓದುತ್ತಾರೆ ಎಂದು ಕೇಳಬಹುದು. ಓದುವುದಿಲ್ಲ. ಕಥೆ ಮುಂದುವರಿದ ತಪ್ಪಿಗಲ್ಲ, ಅವನು ಕುಮಾರವ್ಯಾಸನಲ್ಲ ಅನ್ನುವುದಕ್ಕೆ. ಈ ಎರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ನಮ್ಮ ವಿಮರ್ಶೆಗೆ ಇಲ್ಲ.

ಟಿವಿಗೆ ಬಂದರೆ, ಸುಳ್ಳು ಮುಕ್ತಾಯದ ಬಹುದೊಡ್ಡ ಉದಾಹರಣೆ ರಮಾನಂದ ಸಾಗರರದ್ದು. 1987ರ ಜನವರಿಯಲ್ಲಿ ಶುರುವಾದ ‘ರಾಮಾಯಣ’ 1988ರ ಜುಲೈ 31ಕ್ಕೆ 78ನೇ ಕಂತಿನಲ್ಲಿ ರಾಮನ ಪಟ್ಟಾಭಿಷೇಕದೊಂದಿಗೆ ಮುಗಿಯಿತು. ಭಾನುವಾರ ಬೆಳಿಗ್ಗೆ ಟಿವಿಗೆ ಹೂ ಏರಿಸಿ ಕೂತಿದ್ದ ದೇಶಕ್ಕೆ ಅದಕ್ಕಿಂತ ಸಂಪನ್ನ ಮಂಗಳ ಬೇಕಿರಲಿಲ್ಲ. ಬೇಕೆಂದವರು ಪೌರಕಾರ್ಮಿಕರು. ವಾಲ್ಮೀಕಿಯನ್ನು ತಮ್ಮ ಕುಲಗುರು ಎಂದು ನಂಬಿದ ಉತ್ತರ ಭಾರತದ ಸಫಾಯಿ ಕೆಲಸಗಾರರು, ವಾಲ್ಮೀಕಿ ಆಶ್ರಮದಲ್ಲಿ ಸೀತೆ ಮಕ್ಕಳನ್ನು ಹೆತ್ತ ಕಥೆಯೂ ಬರಬೇಕೆಂದು ಕಸಬರಿಗೆ ಕೆಳಗಿಟ್ಟು ಮುಷ್ಕರ ಹೂಡಿದರು. ಊರುಗಳಲ್ಲಿ ಕಸ ಕೊಳೆಯತೊಡಗಿದ ಮೇಲೆ ಸರಕಾರ ಬಗ್ಗಿತು. ಉತ್ತರಕಾಂಡ ತೆರೆಗೆ ಬಂತು. ಅಂಥ ಮುಂದುವರಿಕೆಯನ್ನು ಎಳೆತ ಎನ್ನುವ ಧೈರ್ಯ ಯಾರಿಗಿದೆ? ಕಥೆ ಪಟ್ಟಾಭಿಷೇಕಕ್ಕೆ ನಿಂತರೆ ಸಾಕು ಎನ್ನಿಸುವುದು ಸಿಂಹಾಸನದ ಹತ್ತಿರ ಕೂತವರಿಗೆ. ಕಾಡಿಗೆ ಕಳಿಸಲ್ಪಟ್ಟವಳ ಕಡೆಯವರು ಇನ್ನೊಂದು ಕಾಂಡ ಕೇಳುತ್ತಾರೆ.

ಬನಶಂಕರಿ ಜಾತ್ರೆಗೆ ಬಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾದಾಮಿಯ ಹತ್ತಿರ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ನಾಟಕ ಕಂಪನಿಗಳ ಠಿಕಾಣಿ. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥವು ಇಲ್ಲಿನ ಮಣ್ಣಿನವೇ. ಹುನಗುಂದ ತಾಲ್ಲೂಕಿನ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಮೆರೆದು 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಕಂಪನಿಯ ಬೋರ್ಡಿನ ಮೇಲೆ ‘ಇಂದೇ ಕಡೇ ಆಟ’ ಎಂದು ಬರೆದಿರುತ್ತದೆ. ಮಾರನೇ ದಿನ ಅದರ ಕೆಳಗೆ ‘ಪ್ರೇಕ್ಷಕರ ಒತ್ತಾಯದ ಮೇರೆಗೆ’ ಎಂದು ಇನ್ನೊಂದು ಸಾಲು. ಯಾರೂ ಮೋಸವಾಯಿತೆಂದು ಪೊಲೀಸ್ ಠಾಣೆಗೆ ಹೋಗಿಲ್ಲ. ಚಕ್ಕಡಿ ಕಟ್ಟಿಕೊಂಡು ಬಂದವರಿಗೆ, ಬೆಳಗಿನ ಮೊದಲ ಬಸ್ಸಿಗೆ ಕಾಯುವವರಿಗೆ ನಡುರಾತ್ರಿ ಎರಡಕ್ಕೆ ಆಟ ಮುಗಿಸಿದರೆ ಅದು ಸಂಯಮವಾಗುವುದಿಲ್ಲ, ನಿರ್ದಯವಾಗುತ್ತದೆ. ಮಾಸ್ತರ್ ಮಂಗಳ ತೆಗೆದರೆ ‘ಇನ್ನೂ ರಾತ್ರಿ ಐತಲ್ರೀ’ ಎಂದು ಕೂಗುವ ಪ್ರೇಕ್ಷಕನಿಗೆ ಅಭಿರುಚಿಯಿಲ್ಲ ಎಂದು ತೀರ್ಮಾನಿಸಿದವರು, ಸಂಜೆ ಏಳಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುವ ನಾಟಕ ನೋಡಿ ಸ್ವಂತ ವಾಹನದಲ್ಲಿ ಮನೆಗೆ ಹೋಗುವವರು. ಚಿಕ್ಕದು, ಮಿತವಾದದ್ದು, ಅರ್ಧ ಹೇಳಿ ಅರ್ಧ ಬಿಟ್ಟದ್ದು ಶ್ರೇಷ್ಠ ಎಂಬುದು ಅವರ ಅನುಕೂಲಕ್ಕೆ ಹುಟ್ಟಿದ ಸೌಂದರ್ಯಶಾಸ್ತ್ರ.

ಹಾಗಾದರೆ ಇಂದಿನ ಮಹಾಸಂಚಿಕೆಗಳೆಲ್ಲ ಸರಿಯೇ? ಅಲ್ಲ. ಅವುಗಳ ಪಾಪ ಬೇರೆ, ವಿಮರ್ಶಕರು ಹಿಡಿದದ್ದು ಬೇರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಸಿಕ್ಕಿಸದಿದ್ದರೆ ಸೆರಗೇ ಇಲ್ಲ. ‘ರಕ್ತರಾತ್ರಿ’ಗೆ ಆ ಕೊಂಡಿ ಇದೆ. ಅಪ್ಪನನ್ನು ಸುಳ್ಳು ಹೇಳಿ ಕೊಂದ ಸಿಟ್ಟು ಅಶ್ವತ್ಥಾಮನ ಕೈಯಲ್ಲಿದೆ, ಗೆದ್ದವರ ಮೈಮರೆವು ಆ ಪಾಳೆಯದಲ್ಲಿದೆ. ಹದಿನೆಂಟು ದಿನದಲ್ಲಿ ಆದದ್ದೆಲ್ಲ ಆ ಒಂದು ರಾತ್ರಿಯೊಳಗೆ ಬಂದು ಸಾಲ ಕೇಳುತ್ತದೆ. ಧಾರಾವಾಹಿಯ ಸೋಮವಾರದಲ್ಲಿ ಯಾರೂ ಸಾಲ ಕೇಳುವುದಿಲ್ಲ. ಶನಿವಾರ ಅತ್ತ ಅತ್ತೆಗೆ ತಾನು ಅತ್ತದ್ದು ನೆನಪಿಲ್ಲ. ಬೆಟ್ಟದಿಂದ ಬಿದ್ದವಳ ಮೈಯಲ್ಲಿ, ಮನಸ್ಸಿನಲ್ಲಿ ಬಿದ್ದ ಗುರುತಿಲ್ಲ. ಅವಳು ಬದುಕಿದ್ದಕ್ಕೆ ನಕ್ಕೆವು. ಬದುಕಿದವಳು ಆ ಬೀಳುವಿಕೆಯನ್ನು ಮರೆತದ್ದಕ್ಕೆ ಸಿಟ್ಟಾಗಬೇಕಿತ್ತು. ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ, ಓದುಗರ ಕಾಟಕ್ಕೆ ಹತ್ತು ವರ್ಷದ ಮೇಲೆ ಎಬ್ಬಿಸಿ ತಂದಾಗ ಕೂಡ ವಾಟ್ಸನ್‌ಗೆ ಎದುರಿನವನನ್ನು ಕಂಡು ಮೂರ್ಛೆ ಹೋಗುವಷ್ಟಾದರೂ ನೆನಪಿತ್ತು.

ಇಷ್ಟು ಬರೆಯುವಾಗ ಒಂದು ವಿಷಯ ಕಾಡುತ್ತಿದೆ. ‘ಅಲ್ಲಿಗೇ ಮುಗಿಸಬೇಕಿತ್ತು’ ಎನ್ನುವ ಪಂಥಕ್ಕೆ ಈಗ ಕಾನೂನಿನ ಬಲವೂ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಹರಿದಿನದ ಹೆಸರಿನಲ್ಲಿ ಸರಕಾರ ವಿನಾಯಿತಿ ಕೊಟ್ಟರೂ ವರ್ಷಕ್ಕೆ ಹದಿನೈದು ದಿನ ಮೀರುವಂತಿಲ್ಲ, ಅದೂ ನಡುರಾತ್ರಿ ಹನ್ನೆರಡರ ತನಕ. ನಿದ್ದೆ ಬೇಕಾದವರ ಹಕ್ಕಿನ ಬಗ್ಗೆ ನನ್ನ ಜಗಳವಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಬಣ್ಣ ಹಚ್ಚಿ, ಹೊತ್ತು ಮೂಡುವ ತನಕ ಆಡುವುದಕ್ಕೆಂದೇ ಬೆಳೆದ ನಾಟಕಕ್ಕೆ ಈ ಗಡಿಯಾರ ಏನು ಮಾಡುತ್ತದೆ ಎಂಬುದನ್ನೂ ಯಾರಾದರೂ ಬರೆಯಬೇಕು. ಹಾಡು ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ, ಹಾಸ್ಯದ ದೃಶ್ಯ ಉಳಿಸಿಕೊಂಡು ಓಡಿಸಿದರೂ ಹನ್ನೆರಡು ಬಡಿಯುವ ಹೊತ್ತಿಗೆ ದುರ್ಯೋಧನ ಬಿದ್ದಿರುತ್ತಾನೆ, ಅಶ್ವತ್ಥಾಮ ಇನ್ನೂ ಪಾಳೆಯದ ಹೊರಗೇ ಇರುತ್ತಾನೆ. ಅವನನ್ನು ಒಳಗೆ ಬಿಡುವುದಕ್ಕೆ ತಹಶೀಲ್ದಾರರ ಪರವಾನಗಿ ಸಾಲುವುದಿಲ್ಲ.