ಬೆಳ್ವೊಲಕ್ಕೆ ಬಂದ ದಂಡು

ರೋಮಿನ ದಂಡುಗಳ ಚರಿತ್ರೆ ಬರೆಯುವವನಿಗೆ ಒಂದು ಅನುಕೂಲವುಂಟು. ಅಲ್ಲಿಯ ಒಂದೊಂದು ಲೀಜನ್ನಿಗೂ ಒಂದು ಅಂಕಿ. ಸತ್ತ ಸಿಪಾಯಿಯ ಗೋರಿಗಲ್ಲಿನ ಮೇಲೆ ಅವನ ದಳವನ್ನೂ ದುಡಿದ ವರ್ಷಗಳನ್ನೂ ಕೊರೆದಿರುತ್ತಾರೆ. ತಂಜಾವೂರಿನ ದೊಡ್ಡ ಗುಡಿಯ ಶಾಸನಗಳಲ್ಲಿ ಚೋಳರ ಪಡೆಗಳಿಗೂ ಹೀಗೆಯೇ ಹೆಸರುಗಳುಂಟು. ಆದರೆ ಆ ಪಡೆಗಳು ಏರಿ ಬಂದಾಗ ತುಳಿತಕ್ಕೆ ಸಿಕ್ಕ ನೆಲ ಅವನ್ನು ಹೇಗೆ ಬಣ್ಣಿಸಿತು? ಶಾಸನವೆಂದರೆ ಅರಸರ ಹೆಸರು, ತಿಥಿ, ದಾನ ಎಂದಷ್ಟೇ ಓದುವ ನಮಗೆ ಈ ಪ್ರಶ್ನೆ ಹೊಳೆಯುವುದು ಅಪರೂಪ.

ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ ಕ್ರಿ. ಶ. 1007ರ ಶಾಸನವೊಂದಿದೆ. ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು, ದೋಣೂರಿನಲ್ಲಿ ಬೀಡುಬಿಟ್ಟು, ಹೆಂಗಸರು ಮಕ್ಕಳೆನ್ನದೆ ಕೊಂದನೆಂದೂ, ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಒಂಬತ್ತು ಲಕ್ಷವೆಂಬುದು ಲೆಕ್ಕವಲ್ಲ, ಭಯದ ಭಾಷೆ. ಭಯ ನಿಜವೇ ಇರಬೇಕು. ಆದರೆ ಮಾತು ಏರಿದಷ್ಟೂ ಓದುವವನ ಮನಸ್ಸು ದೂರ ಸರಿಯುತ್ತದೆ.

ಅಣ್ಣಿಗೇರಿಯ ಬಸದಿಯ ಕಥೆ ಹೇಳುವ 1071ರ ಗಾವರವಾಡ ಶಾಸನದ ಧಾಟಿ ಬೇರೆ. ಅಣ್ಣಿಗೇರಿ ಬೆಳ್ವೊಲ ಮುನ್ನೂರರ ರಾಜಧಾನಿ. ಅಲ್ಲಿ ಗಂಗರ ಬೂತುಗನು ಕಟ್ಟಿಸಿದ ಗಂಗಪೆರ್ಮಾಡಿ ಬಸದಿಯಿತ್ತು. ಚೋಳನು ಬೆಳ್ವೊಲಕ್ಕೆ ಕಾಲಿಟ್ಟು ದೇವಾಲಯಗಳನ್ನು ಸುಟ್ಟನು. ಕವಿ ಅವನನ್ನು ಬಯ್ಯದೆ ಬಿಟ್ಟಿಲ್ಲ. ಆದರೆ ಆ ಬೈಗುಳಲ್ಲಿ ಒಂದು ಮಾತು ಗಮನಿಸತಕ್ಕದ್ದು: ಅವನು ತನ್ನ ಕುಲದ ಆಚಾರವನ್ನೇ ಬಿಟ್ಟನೆಂದು ಕವಿಯ ದೂರು. ವೈರಿಯನ್ನು ವೈರಿಯ ಮನೆತನದ ಅಳತೆಗೋಲಿನಿಂದಲೇ ಅಳೆಯುವ ಈ ರೀತಿಗೆ ಒಂಬತ್ತು ಲಕ್ಷಕ್ಕಿಲ್ಲದ ಮೊನೆಯುಂಟು. ವೈರಿಗೂ ಒಂದು ಧರ್ಮವಿತ್ತೆಂದು ಒಪ್ಪಿಕೊಂಡ ಮೇಲಲ್ಲವೆ ಈ ಆಪಾದನೆ?

ಮುಂದಿನದು ಕೊಪ್ಪಂ ಕಾಳಗ, 1054ರ ಸುಮಾರಿನದು. ಅಲ್ಲಿ ರಾಜಾಧಿರಾಜ ಚೋಳನು ಆನೆಯ ಮೇಲಿದ್ದಾಗಲೇ ಮಡಿದನು. ಅವನು ಯುದ್ಧದಲ್ಲಿ ತ್ರೈಲೋಕ್ಯಮಲ್ಲನಿಗೆ ತಲೆಯೊಪ್ಪಿಸಿದನೆಂದು ನಮ್ಮ ಶಾಸನದ ಮಾತು. ಆನೆಯ ಮೇಲೆ ಮಲಗಿದ ದೇವರೆಂದು ತಮಿಳು ಶಾಸನಗಳ ಮಾತು. ತಮ್ಮ ರಾಜೇಂದ್ರನು ರಣಾಂಗಣದಲ್ಲಿಯೇ ಪಟ್ಟಕ್ಕೆ ಬಂದು ಗೆದ್ದನೆಂದೂ ಅವರು ಬರೆಸಿದರು. ಒಂದೇ ಸಾವಿಗೆ ಎರಡು ನುಡಿ. ಕಾವ್ಯದ ದೃಷ್ಟಿಯಿಂದ ತಮಿಳರ ಬಿರುದೇ ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ: ಅದರಲ್ಲಿ ಸೋಲಿನ ಸುದ್ದಿಯೂ ಇದೆ, ಗೌರವವೂ ಇದೆ.

ಆದರೆ ಕನ್ನಡ ಕವಿಗೆ ಈ ಸಾವು ಮುಖ್ಯವಲ್ಲ. ಸುಟ್ಟದ್ದಕ್ಕೂ ಕೊಂದದ್ದಕ್ಕೂ ಸ್ವಲ್ಪವೇ ಮಾತು ಕೊಟ್ಟು, ಭುವನೈಕಮಲ್ಲನ ಕಾಲದಲ್ಲಿ ಬೆಳ್ವೊಲವನ್ನಾಳುತ್ತಿದ್ದ ಲಕ್ಷ್ಮರಸನು ಬಸದಿಯನ್ನು ಜೀರ್ಣೋದ್ಧಾರ ಮಾಡಿದ ಕಡೆಗೆ ಅವನು ಹೊರಳುತ್ತಾನೆ. ಲಕ್ಷ್ಮರಸನ ಹೊಗಳಿಕೆ, ನಿಜ ಹೇಳಬೇಕೆಂದರೆ, ಯಾವ ದಂಡನಾಯಕನಿಗೂ ಒಪ್ಪುವಂಥದು. ಅದನ್ನು ದಾಟಿ ಓದಬೇಕು. ದಾಟಿದರೆ ಸಿಗುವುದು ಹೊಲಗದ್ದೆಗಳ ಮಾತು: ಬಸದಿಗೆ ಹಿಂದೆ ಸಂದಿದ್ದ ಭೂಮಿ ಮತ್ತೆ ಬಸದಿಗೆ ಸಂದ ವಿವರ.