ಶೂನ್ಯಸಂಪಾದನೆಯ ಸಭಾಪತಿ
ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯ ಸೀಮೆಯಲ್ಲಿ ಅನುಭವಮಂಟಪವನ್ನು ಪ್ರಥಮ ಪಾರ್ಲಿಮೆಂಟೆಂದು ಹೊಗಳುವುದು ವಾಡಿಕೆಯಾಗಿದೆ. ಶೂನ್ಯಸಂಪಾದನೆಯನ್ನು ನೋಡಿದರೆ ಈ ಹೋಲಿಕೆ ನಿಲ್ಲದು. ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ವಚನಗಳನ್ನು ಸಂವಾದರೂಪವಾಗಿ ಹೆಣೆದ ಗ್ರಂಥವಿದು; 12ನೆಯ ಶತಮಾನದ ಸಭೆಯ ನಡವಳಿಯ ಪುಸ್ತಕವಲ್ಲ. ಅದಿರಲಿ. ಪಾರ್ಲಿಮೆಂಟಿನ ಅಧ್ಯಕ್ಷನು ವಾದದಲ್ಲಿ ಸೇರತಕ್ಕವನಲ್ಲ. ಗೊತ್ತುವಳಿಯನ್ನು ಮತಕ್ಕೆ ಹಾಕಿ ನಿರ್ಣಯವನ್ನು ಸಾರುವವನು. ಇಲ್ಲಿಯಾದರೋ ಶೂನ್ಯಸಿಂಹಾಸನದ ಅಲ್ಲಮಪ್ರಭುಗಳೇ ಮುಖ್ಯ ಪ್ರಶ್ನಕರ್ತರು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು, ನಿನ್ನ ಪತಿ ಯಾರೆಂದೂ, ಸೀರೆಯನ್ನು ತೊರೆದವಳು ಕೂದಲನ್ನು ಮರೆಮಾಡಿಕೊಂಡುದೇಕೆಂದೂ ಬಿಡದೆ ಕೇಳುತ್ತಾರೆ. ಕೊನೆಗೆ ತಾವೇ ಆಕೆಯ ನಿಲವನ್ನು ಒಪ್ಪುತ್ತಾರೆ. ನೆರೆದ ಶರಣರ ತಲೆಗಳನ್ನು ಯಾರೂ ಎಣಿಸುವುದಿಲ್ಲ. ನೈಯಾಯಿಕರು ಹೇಳುವ ವಾದ, ಜಲ್ಪ, ವಿತಂಡೆಗಳೆಂಬ ಮೂರು ಕಥೆಗಳಲ್ಲಿ ಇದು ಮೊದಲನೆಯದಕ್ಕೆ ಸಮೀಪವಾದುದು; ಗುರಿ ಜಯವಲ್ಲ, ತತ್ತ್ವನಿರ್ಣಯ. ಅಕ್ಕನ ಉತ್ತರವನ್ನು ಬಹುಮತಕ್ಕೆ ಒಪ್ಪಿಸಿದ್ದರೆ ಏನಾಗುತ್ತಿದ್ದಿತೋ!