ಸ್ಕ್ಯಾನಿಂಗ್‌ಗೆ ಸಿಗದ ಹಟ

'ತಲಿ ಸ್ಕ್ಯಾನಿಂಗ್ ಮಾಡಿಸಿದ್ರ ಗೊತ್ತಾಗತೈತೇನ್ರೀ?' ಮಾತು ತಡವಾದ, ಹಿಡಿದ ಹಟ ಬಿಡದ ಮಗುವನ್ನು ಕರೆದುಕೊಂಡು ಹುನಗುಂದ, ಇಳಕಲ್ಲಿನ ಕಡೆಯಿಂದ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಬರುವ ಪಾಲಕರು ಕೇಳುವ ಪ್ರಶ್ನೆ ಇದು. ಗೊತ್ತಾಗುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಫಿಟ್ಸ್ ಬರುತ್ತಿದ್ದರೆ ವೈದ್ಯರು ಸ್ಕ್ಯಾನ್ ಬರೆಯುವುದು ಬೇರೆ ಮಾತು. ಆದರೆ ಎಂಆರ್‌ಐ ಚಿತ್ರ ನೋಡಿ ಒಂದು ಮಗುವಿಗೆ ಆಟಿಸಂ ಇದೆ, ಇಲ್ಲ ಎಂದು ಹೇಳುವ ವಿಧಾನ ಇಂದಿಗೂ ಚಿಕಿತ್ಸಾಲಯಕ್ಕೆ ಬಂದಿಲ್ಲ.

ಆದರೂ ಈ ಆಸೆ ಬುಡವಿಲ್ಲದ್ದಲ್ಲ. ಮನುಷ್ಯ ಸುಮ್ಮನೆ ಮಲಗಿದ್ದಾಗಲೂ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಎಡ–ಬಲ ಭಾಗಗಳ ಚಟುವಟಿಕೆ ಒಟ್ಟಿಗೇ ಏರಿಳಿಯುತ್ತದೆ ಎಂದು ಭರತ್ ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಆಟಿಸಂ ಇರುವವರಲ್ಲಿ ಇಂಥ ನಂಟು ಸಡಿಲ ಎಂಬ ವಾದ 2004ರಲ್ಲಿ ಬಂತು. ಮುಂದೆ ಆಟಿಸಂ ಅಧ್ಯಯನಕ್ಕಾಗಿ ಮಿದುಳಿನ ಸ್ಕ್ಯಾನುಗಳನ್ನು ಕೂಡಿಸುವ ಅಬೈಡ್ ಎಂಬ ಸಂಗ್ರಹದ ಮೊದಲ ಕಂತಿನಲ್ಲಿ 1,112 ಜನರ ಸ್ಕ್ಯಾನುಗಳು ಒಂದೆಡೆ ಸೇರಿದವು. ಅಮೆರಿಕ, ಯುರೋಪಿನವೇ ಎಲ್ಲ. ಭಾರತದ ಕೇಂದ್ರ ಒಂದೂ ಇರಲಿಲ್ಲ. ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಯಂತ್ರದೊಳಗೆ ತಲೆ ಸ್ವಲ್ಪ ಅಲುಗಾಡಿದರೂ ದೂರದ ಭಾಗಗಳ ನಂಟು ದುರ್ಬಲವಾದಂತೆ, ಹತ್ತಿರದ್ದು ಗಟ್ಟಿಯಾದಂತೆ ಕಾಣುತ್ತದೆ ಎಂದು 2012ರಲ್ಲಿ ಬಯಲಾಯಿತು. ಹಾಗಾಗಿ ಅಲುಗಾಡುವ ಮಕ್ಕಳ ಸ್ಕ್ಯಾನುಗಳನ್ನು ಕೈಬಿಡುತ್ತಾರೆ. ಯಾವ ಮಗುವಿಗೆ ತೊಂದರೆ ಹೆಚ್ಚೋ, ಯಾವ ಮಗು ಯಂತ್ರದ ಸದ್ದಿನಲ್ಲಿ ಒಂದು ನಿಮಿಷವೂ ಮಲಗಲಾರದೋ, ಅದೇ ಲೆಕ್ಕದಿಂದ ಹೊರಗೆ. ಉಳಿದ ಮಕ್ಕಳ ಸರಾಸರಿಯನ್ನು ನಮ್ಮ ಮಗುವಿನ ಹಣೆಗೆ ಅಂಟಿಸುವುದು ಅನ್ಯಾಯ.

ಇಸ್ಪೀಟೆಲೆಯಂಥ ನಾಲ್ಕು ಬಗೆಯ ಚೀಟಿಗಳ ಪರೀಕ್ಷೆ ನನಗೆ ಇದಕ್ಕಿಂತ ಹಿಡಿಸುತ್ತದೆ. ಎದುರಿಗೆ ನೀಲಿ ಮೊಲ, ಕೆಂಪು ದೋಣಿ. ಮಗುವಿನ ಕೈಗೆ ಕೆಂಪು ಮೊಲ, ನೀಲಿ ದೋಣಿ. ಮೊದಲು ಬಣ್ಣ ನೋಡಿ ಇಡು, ಆಮೇಲೆ ಆಕಾರ ನೋಡಿ ಇಡು. ಮೂರರ ಮಗು ಹೊಸ ನಿಯಮವನ್ನು ಬಾಯಲ್ಲಿ ಒಪ್ಪಿಸುತ್ತದೆ, ಕೈ ಮಾತ್ರ ಬಣ್ಣಕ್ಕೇ ಹೋಗುತ್ತದೆ. ಐದರ ಹೊತ್ತಿಗೆ ಬಹುಪಾಲು ಮಕ್ಕಳು ಬದಲಾಯಿಸಬಲ್ಲರು. ಮನಸ್ಸು ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುವುದು ಕಣ್ಣೆದುರೇ ಕಾಣುತ್ತದೆ, ಯಂತ್ರ ಬೇಕಿಲ್ಲ.

ಇದಕ್ಕೂ ಮಿತಿ ಇದೆ. ಆಟಿಸಂ ಇರುವ ಎಷ್ಟೋ ಮಕ್ಕಳು ಪ್ರಯೋಗಾಲಯದ ಇಂಥ ಪರೀಕ್ಷೆಗಳಲ್ಲಿ ಪಾಸಾಗಿ ಮನೆಯಲ್ಲಿ ಕುಸಿಯುತ್ತಾರೆ. ಹಿಲ್ಡೆ ಗರ್ಟ್ಸ್ ಮತ್ತು ಇನ್ನಿಬ್ಬರು 2009ರಲ್ಲೇ ಈ ವೈರುಧ್ಯವನ್ನು ಎತ್ತಿ ತೋರಿಸಿದ್ದರು. ಚೀಟಿಯ ಪರೀಕ್ಷೆಯಲ್ಲಿ 'ಈಗ ನಿಯಮ ಬದಲು' ಎಂದು ಯಾರೋ ಹೇಳುತ್ತಾರೆ. ರೊಟ್ಟಿ ಇರಬೇಕಾದ ತಾಟಿನಲ್ಲಿ ಚಪಾತಿ ಬಂದಾಗ, ಇಳಕಲ್ಲಿನ ಮನೆಯಲ್ಲಿ ದಿನವೂ ಕೇಳುವ ಮಗ್ಗದ ಸದ್ದು ಥಟ್ಟನೆ ನಿಂತಾಗ, ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಮಗುವನ್ನು ನಿಲ್ಲಿಸಿದಾಗ ಯಾರೂ ಹೇಳುವುದಿಲ್ಲ. ಮಗು ತಾಟು ಒಗೆಯುತ್ತದೆ. 'ಮೊಂಡ' ಎಂದು ಬೆನ್ನಿಗೆ ಗುದ್ದು ಬೀಳುತ್ತದೆ. 'ಗಂಡು ಹುಡುಗರಿಗೆ ಮಾತು ತಡಾನ ಬರತಾವ' ಎಂದು ಅಜ್ಜಿ ಸಮಾಧಾನ ಮಾಡುತ್ತಾಳೆ. ಹೀಗೆ ಕಲಿಸಲು ಒದಗುವ ವರ್ಷಗಳು ಜಾರುತ್ತವೆ.

ನೋಡುವ ಕಣ್ಣು ಸರ್ಕಾರದ ಬಳಿ ಇಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಒಳ್ಳೆಯ ಏರ್ಪಾಡು, ಆದರೆ ಗದ್ದಲದ ನಡುವಿನ ಕೆಲವೇ ನಿಮಿಷಗಳಲ್ಲಿ ಮಗು ನಡೆಯುತ್ತದೋ, ಮಾತಾಡುತ್ತದೋ ಎಂದು ನೋಡಬಹುದೇ ಹೊರತು ಬದಲಾವಣೆಗೆ ಅದು ಹೇಗೆ ಹೊಂದಿಕೊಳ್ಳುತ್ತದೆ ಎಂದು ನೋಡಲಾಗದು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಆಟಿಸಂ ಮಾಪನದ 40 ಅಂಶಗಳಲ್ಲಿ 'ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಹಟ'ವೂ ಒಂದು. ಪ್ರಮಾಣಪತ್ರದ ಹೊತ್ತಿನ ಆ ಪ್ರಶ್ನೆಯನ್ನು ಅಂಗನವಾಡಿ ಕಾರ್ಯಕರ್ತೆ ತಾಯಿಗೆ ಮೊದಲೇ ಕೇಳಬೇಕು. ಉತ್ತರ ಇಬ್ಬರ ಬಳಿಯೂ ಇದೆ.

ಬಾದಾಮಿ, ಹುನಗುಂದದ ಕಡೆಯಿಂದ ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುವ ಕುಟುಂಬಗಳಿಗಂತೂ ಇದು ತುರ್ತು. ಬದಲಾವಣೆಯೇ ಒಗ್ಗದ ಮಗುವಿಗೆ ಮನೆ, ಭಾಷೆ, ಅನ್ನ ಒಟ್ಟಿಗೇ ಬದಲಾಗುತ್ತವೆ. ಏನು ಬದಲಾದರೆ ಮಗು ಕೆರಳುತ್ತದೆ, ಏನು ಕೊಟ್ಟರೆ ತಣಿಯುತ್ತದೆ, ಮುಂಚೆಯೇ ಚಿತ್ರ ತೋರಿಸಿ ಹೇಳಿದರೆ ಒಪ್ಪುತ್ತದೆಯೇ ಎಂಬುದನ್ನು ಇಲ್ಲಿನ ಕಾರ್ಯಕರ್ತೆ ತಾಯಿ–ಮಗುವಿನ ಆರೋಗ್ಯ ದಾಖಲೆಯಾದ 'ತಾಯಿ ಕಾರ್ಡಿ'ನ ಒಂದು ಪುಟದಲ್ಲಿ ಬರೆದುಕೊಟ್ಟರೆ, ಹೋದ ಊರಿನ ಅಂಗನವಾಡಿಯೂ ಅಲ್ಲಿಂದಲೇ ಮುಂದುವರಿಯಬಹುದು.